ಗೃಹಪ್ರವೇಶಕ್ಕೆ ಬಂದ ಬೋನ್ಸಾಯ್ ಎಲೆ ಉದುರಿಸ್ತಾ ಇದೆ, ಏನು ಮಾಡ್ಲಿ?

ಮೂರನೇ_ಮಹಡಿ · ಮೇ 27

ಎಲ್ಲರಿಗೂ ನಮಸ್ಕಾರ. ಇಲ್ಲಿ ಬರೀತಿರೋದು ಮೊದಲನೇ ಸಲ. ಗಿಡಗಳ ವಿಷಯದಲ್ಲಿ ನನ್ನ ಅನುಭವ ಅಂದ್ರೆ ತುಳಸಿ, ಒಂದು ಮನಿಪ್ಲಾಂಟ್, ಅಷ್ಟೇ.

ಏಪ್ರಿಲ್‌ನಲ್ಲಿ ನಮ್ಮ ಗೃಹಪ್ರವೇಶ ಆಯ್ತು. ಬೆಂಗಳೂರು, ವಿಜಯನಗರದ ಕಡೆ. ನಮ್ಮೆಜಮಾನ್ರ ಆಫೀಸಿನವರು ಸೇರಿ ಒಂದು ಬೋನ್ಸಾಯ್ ಕೊಟ್ರು. ಒಂದಡಿ ಎತ್ತರ ಇದೆ, ಕಾಂಡ ಹಾವಿನ ಹಾಗೆ ಎರಡು ಸುತ್ತು ಬಳುಕಿದೆ, ನೀಲಿ ಪಿಂಗಾಣಿ ಕುಂಡ, ಮಣ್ಣಿನ ಮೇಲೆ ಬಿಳಿ ಕಲ್ಲು. ಬಂದವರೆಲ್ಲ ಮೊದಲು ಅದನ್ನೇ ನೋಡ್ತಿದ್ರು. ಟೀವಿ ಪಕ್ಕದ ಮೇಜಿನ ಮೇಲೆ ಇಟ್ಟಿದ್ದೀವಿ. ಜೊತೆಗೆ ಬಂದ ಚೀಟಿಯಲ್ಲಿ "ದಿನಾ ಅರ್ಧ ಲೋಟ ನೀರು, ನೇರ ಬಿಸಿಲು ಬೇಡ" ಅಂತಿತ್ತು. ಹಾಗೇ ಮಾಡ್ತಿದ್ದೀನಿ.

ಹದಿನೈದು ದಿನದಿಂದ ಎಲೆ ಉದುರ್ತಿದೆ. ಮೊದಲು ಹಳದಿಯಾಗಿ ಬೀಳ್ತಿತ್ತು, ಈಗ ಹಸಿರೆಲೆ ಕೂಡ ಮುಟ್ಟಿದ್ರೆ ಸಾಕು ಕಳಚಿಕೊಳ್ಳುತ್ತೆ. ನಮ್ಮತ್ತೆ "ನೀರು ಸಾಲ್ದು" ಅಂತಾರೆ. ಇವರು "ನೀರು ಜಾಸ್ತಿಯಾಯ್ತು" ಅಂತಾರೆ. ಯಾರ ಮಾತು ಕೇಳಲಿ? ಈ ಗಿಡ ಉಳಿಯುತ್ತಾ?

ಸಂಶಯ_ಪಿಶಾಚಿ · ಮೇ 27

ಉಳಿಯದಿದ್ದರೇ ಒಳ್ಳೆಯದು. ಮನೇಲಿ ಬೋನ್ಸಾಯ್ ಇದ್ದರೆ ಏಳಿಗೆ ಕುಂಠಿತ ಅಂತ ವಾಸ್ತು ಹೇಳೋರು ಹೇಳ್ತಾರೆ. ನನಗೆ ವಾಸ್ತುವಿನಲ್ಲಿ ನಂಬಿಕೆ ಇಲ್ಲ, ಆದರೆ ಕಾಡಲ್ಲಿ ಬೆಳೆಯಬೇಕಾದ ಮರದ ಕೈಕಾಲು ಕತ್ತರಿಸಿ ಟೀವಿ ಪಕ್ಕ ಕೂರಿಸೋದು ಯಾವ ಸೀಮೆ ಗಿಡಪ್ರೀತಿ?

ಕುಂಡದೊಳಗಿನ_ಕಾಡು · ಮೇ 28

ಪಿಶಾಚಿಯವರ ಪ್ರಶ್ನೆಗೆ ಆಮೇಲೆ ಬರ್ತೀನಿ. ಮೊದಲು ರೋಗಿ.

ಮೂರನೇ ಮಹಡಿಯವರೇ, ನೀವು ಹೇಳಿದ ಲಕ್ಷಣ ನೋಡಿದರೆ ಅದು ಫೈಕಸ್ ಮೈಕ್ರೊಕಾರ್ಪ. ನಮ್ಮ ಆಲ, ಅರಳಿ, ಅತ್ತಿಗಳ ಬಳಗದ್ದೇ. ಒಂದು ಎಲೆ ಕಿತ್ತರೆ ಹಾಲು ಒಸರಿದರೆ ಅದೇ ಅಂತ ಇಟ್ಕೊಳ್ಳಿ. ಉಡುಗೊರೆ ಅಂಗಡಿಗಳಲ್ಲಿ ಸಿಗುವ ಬೋನ್ಸಾಯ್‌ಗಳಲ್ಲಿ ಬಹುಪಾಲು ಇದೇ ಗಿಡ, ಯಾಕಂದ್ರೆ ಸುಲಭಕ್ಕೆ ಸಾಯಲ್ಲ. ನಿಮ್ಮದು ಸಾಯೋಕೆ ಹೊರಟಿದೆ ಅಂದ್ರೆ ಏನೋ ದೊಡ್ಡ ತೊಂದರೆಯೇ ಇರಬೇಕು.

ನಾಲ್ಕು ವಿಷಯ ನೋಡಿ ಹೇಳಿ. ಕುಂಡದ ತಳದಲ್ಲಿ ತೂತು ಇದೆಯಾ? ಮೇಲಿನ ಬಿಳಿ ಕಲ್ಲು ಬಿಡಿಬಿಡಿಯಾಗಿದೆಯಾ, ಗೋಂದು ಹಾಕಿ ಅಂಟಿಸಿದ್ದಾರಾ? ಟೀವಿ ಮೇಜು ಕಿಟಕಿಯಿಂದ ಎಷ್ಟು ಅಡಿ? ಕೊನೆಯದಾಗಿ, ಒಂದು ಸಣ್ಣ ರೆಂಬೆಯ ತೊಗಟೆಯನ್ನು ಉಗುರಿನಿಂದ ಸ್ವಲ್ಪ ಕೆರೆದು ನೋಡಿ, ಒಳಗೆ ಹಸಿರಿದೆಯಾ, ಕಂದು ಬಣ್ಣ ಇದೆಯಾ? ಇದು ಗೊತ್ತಾಗೋವರೆಗೂ ಒಂದು ಹನಿ ನೀರೂ ಹಾಕಬೇಡಿ.

ಮೂರನೇ_ಮಹಡಿ · ಮೇ 28

ನೋಡಿದೆ ಸರ್. ಹಾಲು ಬಂತು. ಕಲ್ಲು ಅಂಟಿಸಿದ್ದಾರೆ! ಚಿಕ್ಕಿ ಮುರಿದ ಹಾಗೆ ಚಕ್ಕೆ ಚಕ್ಕೆಯಾಗಿ ಬಂತು. ನನಗೆ ಇಷ್ಟು ದಿನ ಗೊತ್ತೇ ಆಗಿರಲಿಲ್ಲ, ನೀರು ಹಾಕಿದಾಗ ಬದಿಯಲ್ಲಿ ಇಳೀತಿತ್ತು. ತೂತು ಒಂದಿದೆ, ಆದ್ರೆ ಕುಂಡದ ಕೆಳಗೆ ಅದೇ ಬಣ್ಣದ ಅಂಚಿರೋ ತಟ್ಟೆ ಇದೆ, ಅದರಲ್ಲಿ ನೀರು ನಿಂತು ವಾಸನೆ ಬರ್ತಿದೆ. ಕಿಟಕಿಯಿಂದ ಸುಮಾರು 10 ಅಡಿ, ಮಧ್ಯೆ ಪರದೆ ಬೇರೆ. ರೆಂಬೆ ಕೆರೆದರೆ ತುದೀಲಿ ಕಂದು, ಸ್ವಲ್ಪ ಕೆಳಗೆ ಹಸಿರು.

ಕುಂಡದೊಳಗಿನ_ಕಾಡು · ಮೇ 28

ಹಸಿರಿದೆ ಅಂದ್ರೆ ಜೀವ ಇದೆ.

ನಿಮ್ಮೆಜಮಾನ್ರು ಹೇಳಿದ್ದು ಅರ್ಧ ಸರಿ. ತಪ್ಪು ನೀರಿನದ್ದಲ್ಲ, ಗಾಳಿ ಇಲ್ಲದ್ದು. ಬೇರಿಗೆ ನೀರು ಎಷ್ಟು ಬೇಕೋ ಉಸಿರೂ ಅಷ್ಟೇ ಬೇಕು. ಮೇಲೆ ಗೋಂದಿನ ಮುಚ್ಚಳ, ಕೆಳಗೆ ನೀರು ನಿಂತ ತಟ್ಟೆ, ಮಧ್ಯೆ ಬೇರು ಉಸಿರುಗಟ್ಟಿ ಕೊಳೆಯುತ್ತೆ. ಕೊಳೆತ ಬೇರು ನೀರು ಎಳೆಯಲ್ಲ, ಹಾಗಾಗಿ ಕೆಸರಲ್ಲೇ ಕೂತಿದ್ದರೂ ಎಲೆ ಬಾಯಾರಿದ ಹಾಗೆ ಜೋತು ಬೀಳುತ್ತೆ. ಅದನ್ನು ನೋಡಿ ಪಾಪ, ಇನ್ನೊಂದು ಲೋಟ ಹುಯ್ತೀವಿ. ನಿಮ್ಮತ್ತೆಯವರಿಗೆ "ನೀರು ಸಾಲ್ದು" ಅನ್ನಿಸಿದ್ದರಲ್ಲಿ ಆಶ್ಚರ್ಯ ಏನಿಲ್ಲ, ನೋಡೋಕೆ ಎರಡೂ ಒಂದೇ ಥರ ಕಾಣುತ್ತೆ.

"ದಿನಾ ಅರ್ಧ ಲೋಟ" ಅಂತ ಬರೆದ ಚೀಟಿಯನ್ನು ಒಲೆಗೆ ಹಾಕಿ. ಗಿಡ ಕ್ಯಾಲೆಂಡರ್ ನೋಡಿ ನೀರು ಕುಡಿಯಲ್ಲ. ಮಾರ್ಚ್‌ನಲ್ಲಿ ದಿನಾ ಬೇಕಾಗಬಹುದು, ಜುಲೈನ ಮೋಡದಲ್ಲಿ ನಾಲ್ಕು ದಿನಕ್ಕೊಮ್ಮೆ ಸಾಕಾಗಬಹುದು. ಮನೇಲಿ ಊದುಬತ್ತಿ ಕಡ್ಡಿ ಇರುತ್ತಲ್ಲ, ಉರಿದು ಮುಗಿದದ್ದು, ಅದನ್ನು ಕುಂಡದ ಅಂಚಿನ ಹತ್ತಿರ ಒಂದೂವರೆ ಇಂಚು ಚುಚ್ಚಿ ಹತ್ತು ನಿಮಿಷ ಬಿಟ್ಟು ತೆಗೆಯಿರಿ. ಕಡ್ಡಿ ಒದ್ದೆಯಾಗಿ, ಗಾಢ ಬಣ್ಣಕ್ಕೆ ತಿರುಗಿದ್ದರೆ ಇವತ್ತು ನೀರು ಬೇಡ. ಒಣಗಿದೆ ಅನ್ನಿಸಿದರೆ ಮಾತ್ರ ಹಾಕಿ, ಹಾಕುವಾಗ ಜಿಪುಣತನ ಬೇಡ, ತಳದ ತೂತಿನಿಂದ ಧಾರಾಳ ಹರಿಯುವವರೆಗೆ ಹಾಕಿ. ತಟ್ಟೇಲಿ ನಿಂತದ್ದನ್ನು ಚೆಲ್ಲಿ.

ಇನ್ನು ಟೀವಿ ಪಕ್ಕದಿಂದ ಇವತ್ತೇ ಎಬ್ಬಿಸಿ. ಮಧ್ಯಾಹ್ನದ ಹೊತ್ತು ಗಿಡ ಇಡುವ ಜಾಗದಲ್ಲಿ ಕೈ ಹಿಡಿದು ನೋಡಿ. ಕೈಯ ನೆರಳು ಬೆರಳು ಬೆರಳು ಬಿಡಿಸಿದ ಹಾಗೆ ಸ್ಪಷ್ಟವಾಗಿ ಬಿದ್ದರೆ ಬೆಳಕು ಸಾಕು, ಮಬ್ಬಾಗಿ ಬಿದ್ದರೆ ಸಾಲದು, ನೆರಳೇ ಇಲ್ಲ ಅಂದ್ರೆ ಅಲ್ಲಿ ದೇವರ ಪಟ ಇಡಬಹುದು, ಗಿಡವಲ್ಲ.

ಧಾರವಾಡ_ಪೇಡಾ · ಮೇ 28

ಸರ್ ಹೇಳಿದ್ದು ಖರೇ ಐತ್ರಿ. ಆದ್ರ ಒಮ್ಮೆಲೆ ಒಯ್ದು ಬಿಸಲಾಗ ಇಡಬ್ಯಾಡ್ರಿ ಅಕ್ಕಾರ. ನಾ ಹಂಗ ಮಾಡಿ ಒಂದು ಗಿಡದ ಎಲಿ ಎಲ್ಲಾ ಸುಟ್ಟು ಹಪ್ಪಳ ಮಾಡೀನಿ. ಮೊದಲ ಒಂದು ವಾರ ಬಾಲ್ಕನಿ ನೆರಳಾಗ, ಆಮ್ಯಾಲ ಮುಂಜಾನಿ ಬಿಸಲು ಒಂದು ತಾಸು, ಹಂಗ ಹೆಚ್ಚ ಮಾಡ್ಕೋತ ಹೋಗ್ರಿ. ಜಾಗ ಬದಲಿ ಮಾಡಿದ ಕೂಡ್ಲೆ ಇನ್ನೊಂದಿಷ್ಟು ಎಲಿ ಉದುರತಾವ, ಅಂಜಬ್ಯಾಡ್ರಿ. ಫೈಕಸ್ಸಿನ ಸ್ವಭಾವನ ಅದು. ಸೊಸಿ ತವರಮನಿ ಬಿಟ್ಟು ಬಂದಂಗ, ಒಂದು ತಿಂಗಳು ಮುಖಾ ಸಪ್ಪಗ.

ಮೂರನೇ_ಮಹಡಿ · ಮೇ 29

ನಾನೂ ಸೊಸೇನೇ, ಅರ್ಥ ಆಯ್ತು ಸರ್ 😄 ಪೂರ್ವಕ್ಕೆ ಒಂದು ಬಾಲ್ಕನಿ ಇದೆ, ಬಟ್ಟೆ ಒಣಗಿಸೋ ಜಾಗ. ಬೆಳಗ್ಗೆ ಏಳರಿಂದ ಹತ್ತೂವರೆವರೆಗೆ ಬಿಸಿಲು ಬರುತ್ತೆ. ಅಲ್ಲಿಗೆ ಸ್ಥಳಾಂತರ ಆಯ್ತು. ಮಣ್ಣು ಬದಲಾಯಿಸಬೇಕಾ?

ತೀರ್ಥಹಳ್ಳಿ_ಮಾಣಿ · ಮೇ 29

ಬೇಡ ಬೇಡ. ಕಾಯಿಲೆ ಬಿದ್ದ ಗಿಡದ ಕುಂಡ ಬದಲಾಯಿಸಬಾರದು ಅನ್ನೋದು ಮೊದಲ ಪಾಠ. ಮೊದಲು ಚಿಗುರಲಿ, ಆಮೇಲೆ ನೋಡಿದ್ರಾಯ್ತು. ಸ್ವಲ್ಪ ಎನ್‌ಪಿಕೆ 19:19:19 ಗೊಬ್ಬರ ಕೊಡಿ, ಶಕ್ತಿ ಬರುತ್ತೆ.

ಕುಂಡದೊಳಗಿನ_ಕಾಡು · ಮೇ 29

ಮಾಣಿಯವರೇ, ಮೊದಲ ಮಾತು ಸಾಮಾನ್ಯವಾಗಿ ಸರಿ, ಇಲ್ಲಿ ಸರಿಯಲ್ಲ. ಎರಡನೆಯದಂತೂ ಎಲ್ಲೂ ಸರಿಯಲ್ಲ.

ಸೊರಗಿದ ಗಿಡದ ಬೇರು ಕೆದಕಬಾರದು ಅನ್ನೋದು ನಿಜ, ಆದರೆ ಸೊರಗಲು ಕಾರಣವೇ ಕೊಳೆತ ಮಣ್ಣಾದರೆ ಅದರಲ್ಲೇ ಬಿಟ್ಟು ಚಿಗುರಿಗೆ ಕಾಯೋದು ಹೇಗೆ? ಇದು ತುರ್ತು ಚಿಕಿತ್ಸೆ. ಇಲ್ಲಿ ಬೇರು ಕತ್ತರಿಸಿ ಚಂದ ಮಾಡುವ ಕೆಲಸ ಇಲ್ಲ. ಕೊಳೆತದ್ದನ್ನು ಮಾತ್ರ ತೆಗೆದು, ಗಟ್ಟಿ ಬೇರನ್ನು ಮುಟ್ಟದೆ ಹೊಸ ಮಿಶ್ರಣಕ್ಕೆ ದಾಟಿಸೋದು. ಆರೋಗ್ಯವಾದ ಫೈಕಸ್ ಆದರೆ ಎರಡು ವರ್ಷಕ್ಕೊಮ್ಮೆ ಕುಂಡದಿಂದ ತೆಗೆದು ಬೇರಿನ ಮೂರನೇ ಒಂದು ಪಾಲು ಕತ್ತರಿಸಿದರೂ ಏನೂ ಅನ್ನಲ್ಲ. ಈಗ ಆ ಆಟ ಬೇಡ.

ಗೊಬ್ಬರ ಔಷಧಿ ಅಲ್ಲ, ಊಟ. ಜ್ವರ ಬಂದವನಿಗೆ ಹೋಳಿಗೆ ತಿನ್ನಿಸಬಾರದು. ಬೇರು ಕೊಳೆತಿರುವಾಗ ರಾಸಾಯನಿಕ ಗೊಬ್ಬರದ ಉಪ್ಪು ಸೇರಿದರೆ ಉಳಿದ ಬೇರೂ ಸುಡುತ್ತೆ. ಹೊಸ ಚಿಗುರು ಬಂದು ಎಲೆ ಬಲಿತ ಮೇಲೆ ಕೊಡೋಣ.

ಮಿಶ್ರಣ ಹೀಗೆ ಮಾಡಿ. ಇಟ್ಟಿಗೆ ಚೂರು 2 ಪಾಲು, ದಪ್ಪ ಮರಳು 1 ಪಾಲು, ಜರಡಿ ಹಿಡಿದ ಎಲೆಗೊಬ್ಬರ ಅಥವಾ ಎರೆಗೊಬ್ಬರ 1 ಪಾಲು. ಎಲ್ಲ ಕಾಳು 2ರಿಂದ 5 ಮಿ.ಮೀ. ಇರಲಿ, ಜೋಳದ ಕಾಳಿನ ಆಸುಪಾಸು. ಅದಕ್ಕಿಂತ ಸಣ್ಣದು, ಮುಖ್ಯವಾಗಿ ಧೂಳು, ಪೂರ್ತಿ ಹೋಗಬೇಕು. ಅಡುಗೆಮನೆಯ ಹಳೇ ಜರಡಿ ಒಂದು ಬಲಿ ಕೊಡಿ. ಕಟ್ಟಡದವರ ಎಂ-ಸ್ಯಾಂಡ್ ತಂದರೆ ನೀರು ತಿಳಿಯಾಗುವವರೆಗೆ ತೊಳೆಯಿರಿ, ಅದರಲ್ಲಿ ಕಲ್ಲುಪುಡಿ ಜಾಸ್ತಿ. ಇಟ್ಟಿಗೆ ಚೆನ್ನಾಗಿ ಬೆಂದದ್ದಾಗಿರಲಿ. ಒಂದು ಚೂರನ್ನು ರಾತ್ರಿ ನೀರಲ್ಲಿ ನೆನೆಸಿ ಬೆಳಗ್ಗೆ ಹಿಸುಕಿ ನೋಡಿ, ಪುಡಿಯಾದರೆ ಅದು ಬೇಡ. ಜಪಾನಿನವರು ಅಕಡಾಮ ಅನ್ನುವ ಜೇಡಿ ಹರಳು ಬಳಸ್ತಾರೆ, ಇಲ್ಲಿ ದುಬಾರಿ. ನಾನು ಇಪ್ಪತ್ತು ವರ್ಷದಿಂದ ಇಟ್ಟಿಗೆಯಲ್ಲೇ ಸಂಸಾರ ನಡೆಸ್ತಿದ್ದೀನಿ.

ಕಡಲ_ತಡಿ · ಮೇ 30

ಒಂದು ಸೇರಿಸ್ತೇನೆ. ನಾನು ಮಂಗಳೂರಿನವ. ನಮ್ಮಲ್ಲಿ ವರ್ಷಕ್ಕೆ 3,000 ಮಿ.ಮೀ. ದಾಟಿ ಮಳೆ ಮಾರಾಯ್ರೆ, ಜೂನಿನಲ್ಲಿ ಗಿಡಕ್ಕೆ ನೀರು ಹಾಕುವುದಲ್ಲ, ನೀರಿನಿಂದ ಗಿಡ ಕಾಪಾಡುವುದು ಕೆಲಸ. ಹಾಗಾಗಿ ನಾನು ಗೊಬ್ಬರದ ಪಾಲು ಅರ್ಧಕ್ಕೆ ಇಳಿಸಿ ಇಟ್ಟಿಗೆ ಜಾಸ್ತಿ ಮಾಡಿದ್ದೇನೆ. ಧಾರವಾಡದವರು ಇದನ್ನೇ ಮಾಡಿದರೆ ಏಪ್ರಿಲಿನಲ್ಲಿ ಗಿಡ ಒಣಗಿ ಕಡ್ಡಿ ಆದೀತು. ಒಬ್ಬರ ಮಿಶ್ರಣ ಇನ್ನೊಬ್ಬರಿಗೆ ಆಗುವುದಿಲ್ಲ.

ಮತ್ತೆ ನಾನು ತಳಕ್ಕೆ ಒಂದಿಂಚು ಜಲ್ಲಿ ಹಾಕ್ತೇನೆ, ನೀರು ಬೇಗ ಬಸಿದು ಹೋಗ್ಲಿಕ್ಕೆ.

ಕುಂಡದೊಳಗಿನ_ಕಾಡು · ಮೇ 30

ಮಿಶ್ರಣದ ಮಾತು ನೂರಕ್ಕೆ ನೂರು ಒಪ್ಪಿದೆ. ಜಲ್ಲಿ ವಿಷಯ ಜಗಳಕ್ಕೆ ಬರ್ತೀನಿ 🙂

ಪಾತ್ರೆ ತೊಳೆಯೋ ಸ್ಪಂಜು ತಗೊಳ್ಳಿ. ನೀರಲ್ಲಿ ಅದ್ದಿ, ಅಂಗೈ ಮೇಲೆ ಮಲಗಿಸಿ ಹಿಡಿಯಿರಿ. ತೊಟ್ಟಿಕ್ಕೋದು ನಿಲ್ಲುವವರೆಗೂ ಕಾಯಿರಿ. ಈಗ ಅದನ್ನೇ ನೆಟ್ಟಗೆ ನಿಲ್ಲಿಸಿ ಹಿಡಿಯಿರಿ. ಮತ್ತೆ ನೀರು ಸುರಿಯುತ್ತೆ! ಸ್ಪಂಜು ಅದೇ, ತೂತು ಅವೇ. ಎತ್ತರ ಹೆಚ್ಚಾದಾಗ ನೀರು ಇಳಿಯಿತು. ಯಾವುದೇ ಮಣ್ಣಿನ ತಳದಲ್ಲಿ ಒಂದಿಷ್ಟು ಎತ್ತರದ ಪದರ ಒದ್ದೆಯಾಗೇ ಉಳಿಯುತ್ತೆ. ಆಳದ ಕುಂಡದಲ್ಲಿ ಆ ಪದರ ಒಂದು ಮೂಲೆ, ಎರಡಿಂಚು ಆಳದ, ತಟ್ಟೆಯಂಥ ಬೋನ್ಸಾಯ್ ಕುಂಡದಲ್ಲಿ ಅದೇ ಅರ್ಧ ಮನೆ. ತೋಟದ ಕೆಂಪು ಮಣ್ಣು ದೊಡ್ಡ ಕುಂಡದಲ್ಲಿ ನಡೆದು ಬೋನ್ಸಾಯ್ ತಟ್ಟೆಯಲ್ಲಿ ಕೊಲ್ಲೋದು ಇದಕ್ಕೇ. ತಳಕ್ಕೆ ಜಲ್ಲಿ ಹಾಕಿದರೆ ಆ ಒದ್ದೆ ಪದರ ಹೋಗಲ್ಲ, ಜಲ್ಲಿ ಮೇಲೆ ಹತ್ತಿ ಕೂರುತ್ತೆ, ಬೇರಿಗೆ ಇನ್ನೂ ಹತ್ತಿರ. ಮೊದಲೇ ಆಳ ಕಮ್ಮಿ, ಅದರಲ್ಲಿ ಒಂದಿಂಚು ಜಲ್ಲಿಗೆ ಬಿಟ್ಟುಕೊಟ್ಟರೆ ಗಿಡಕ್ಕೆ ಏನುಳೀತು?

ಕಡಲ_ತಡಿ · ಮೇ 30

ಸ್ಪಂಜು ಹಿಡಿದು ನೋಡಿದೆ. ಹೆಂಡತಿ ವಿಚಿತ್ರವಾಗಿ ನೋಡಿದಳು. ನೀವು ಹೇಳಿದ್ದು ಹೌದು. ಹನ್ನೊಂದು ಕುಂಡ ಉಂಟು ನನ್ನಲ್ಲಿ, ಎಲ್ಲದರ ಜಲ್ಲಿ ತೆಗೀಬೇಕು ಈಗ. ನಿಮಗೆ ಒಳ್ಳೇದಾಗ್ಲಿ.

ಎಡಿಸನ್_ಕನ್ನಡಿಗ · ಮೇ 31

ನಾನು ನ್ಯೂಜೆರ್ಸಿಯಿಂದ. ನನ್ನದು ಜುನಿಪರ್. ಡಿಸೆಂಬರ್‌ನಲ್ಲಿ ಮಾಲ್ ಒಂದರಲ್ಲಿ ತಗೊಂಡೆ, ಒಳಗೇ ಇಟ್ಟಿದ್ದೀನಿ, ಹೀಟರ್ ಇರುತ್ತೆ, ಚಳಿ ತಾಗಲ್ಲ. ಒಂದೆಲೆ ಕೂಡ ಉದುರಿಲ್ಲ, ಹಸಿರಾಗೇ ಇದೆ, ನೋಡ್ಕೊಳ್ಳೋದು ತುಂಬಾ ಸುಲಭ. ಇತ್ತೀಚೆಗೆ ಮಾತ್ರ ಬಣ್ಣ ಸ್ವಲ್ಪ ಬೂದು ಅನ್ನಿಸ್ತಿದೆ, ಮುಟ್ಟಿದರೆ ಚುರುಚುರು ಅನ್ನುತ್ತೆ. ಗೊಬ್ಬರ ಕಮ್ಮಿಯಾಗಿರಬಹುದಾ?

ಕುಂಡದೊಳಗಿನ_ಕಾಡು · ಮೇ 31

ಉಗುರಿನಿಂದ ಕೆರೆದು ನೋಡಿ, ಎರಡು ಮೂರು ಕಡೆ.

ಎಡಿಸನ್_ಕನ್ನಡಿಗ · ಮೇ 31

ಎಲ್ಲ ಕಡೆ ಕಂದು. ಒಣ ಕಡ್ಡಿ ಥರ.

ಕುಂಡದೊಳಗಿನ_ಕಾಡು · ಮೇ 31

ಕ್ಷಮಿಸಿ, ಅದು ಹೋಗಿ ವಾರಗಳೇ ಆಗಿರಬೇಕು. ಜುನಿಪರ್‌ನ ಗುಣವೇ ಅದು, ಸತ್ತ ಮೇಲೂ ಹಲವು ವಾರ ಹಸಿರಾಗೇ ಕಾಣುತ್ತೆ. ಎಲೆ ಬೂದಾಗಿ ಚುರುಚುರು ಅನ್ನುವ ಹೊತ್ತಿಗೆ ಎಲ್ಲ ಮುಗಿದಿರುತ್ತೆ. ನೀವು ಚಳಿ ತಾಗದ ಹಾಗೆ ನೋಡಿಕೊಂಡಿರಿ, ಅದಕ್ಕೆ ಬೇಕಾಗಿದ್ದದ್ದು ಚಳಿ. ಅದು ಹೊರಗಿನ ಮರ. ಚಳಿಗಾಲದಲ್ಲಿ ನಿದ್ದೆ, ಬೇಸಿಗೆಯಲ್ಲಿ ಪೂರ್ತಿ ಬಿಸಿಲು, ಎರಡೂ ಬೇಕು. ನಿಮ್ಮಲ್ಲಿ ಹಿಮ ಬಿದ್ದರೂ ಹೊರಗೇ ಇಟ್ಟು, ಕುಂಡವನ್ನು ಮಾತ್ರ ಮಣ್ಣಲ್ಲೋ ಮರದ ಚಕ್ಕೆಯಲ್ಲೋ ಹುಗಿದು ಬೇರಿಗೆ ಕಾವು ಕೊಡ್ತಾರೆ. ಒಳಗಿಡಲೇಬೇಕು ಅಂದ್ರೆ ಫೈಕಸ್ಸೋ ಜೇಡ್ ಪ್ಲಾಂಟೋ ತಗೊಳ್ಳಿ. ಅವು ಬಿಸಿನಾಡಿನವು, ಕಿಟಕಿಯ ಹತ್ತಿರ ಹೊಂದಿಕೊಳ್ತವೆ.

ಬೆಂಗಳೂರಿನ ನರ್ಸರಿಗಳಲ್ಲೂ ಜುನಿಪರ್ ಸಿಗುತ್ತೆ. ಊರು 900 ಮೀಟರಿಗೂ ಮೇಲಿರೋದರಿಂದ ಬಯಲಲ್ಲಿಟ್ಟರೆ ಹೇಗೋ ನಡೆಯುತ್ತೆ. ಡ್ರಾಯಿಂಗ್ ರೂಮಲ್ಲಿ ನಡೆಯಲ್ಲ.

ಎಡಿಸನ್_ಕನ್ನಡಿಗ · ಜೂನ್ 1

ಅಂದ್ರೆ ನಾನು ಹೆಣಕ್ಕೆ ನೀರು ಹಾಕ್ತಿದ್ದೆ 😔

ಹೋದ ವರ್ಷ ವಾಷಿಂಗ್ಟನ್‌ನ ನ್ಯಾಷನಲ್ ಆರ್ಬೊರೇಟಂಗೆ (ಮರಗಳ ತೋಟ, ಒಳಗೇ ಬೋನ್ಸಾಯ್ ಮ್ಯೂಸಿಯಂ ಇದೆ) ಹೋಗಿದ್ದೆ. ಅಲ್ಲೊಂದು ಬಿಳಿ ಪೈನ್ ಇದೆ, 1625ರಿಂದ ಕುಂಡದಲ್ಲಿ ಪಳಗಿಸಿದ್ದು. 1945ರ ಆಗಸ್ಟ್ 6ರಂದು ಹಿರೋಶಿಮಾದಲ್ಲಿ ಬಾಂಬ್ ಬಿದ್ದ ಜಾಗದಿಂದ ಸುಮಾರು ಮೂರು ಕಿ.ಮೀ. ದೂರದ ಮನೇಲಿತ್ತಂತೆ, ಕಾಂಪೌಂಡ್ ಗೋಡೆ ಮರೆಯಲ್ಲಿ ಉಳಿದುಕೊಂಡಿತು. ಆ ಮನೆಯ ಯಮಾಕಿ ಅನ್ನೋರು 1976ರಲ್ಲಿ ಅಮೆರಿಕಕ್ಕೇ ಅದನ್ನು ಕೊಟ್ಟರು, ಬಾಂಬಿನ ವಿಷಯ ಎತ್ತದೆ. 2001ರಲ್ಲಿ ಮೊಮ್ಮಕ್ಕಳು ನೋಡೋಕೆ ಬಂದಾಗಲೇ ಮ್ಯೂಸಿಯಂನವರಿಗೆ ಕಥೆ ಗೊತ್ತಾದದ್ದು. ಅದನ್ನು ನೋಡಿ ಬಂದ ಹುಮ್ಮಸ್ಸಿನಲ್ಲೇ ನಾನು ಇದನ್ನು ಕೊಂಡಿದ್ದು. ಅದು ಅಣುಬಾಂಬಿಗೆ ಬಗ್ಗಲಿಲ್ಲ, ನಂದು ರೂಮ್ ಹೀಟರ್‌ಗೆ ಹೋಯ್ತು.

ಸಂಶಯ_ಪಿಶಾಚಿ · ಜೂನ್ 1

ನಾಲ್ಕು ನೂರು ವರ್ಷ ಕುಂಡದಲ್ಲಿ ಜೈಲುವಾಸ. ನನ್ನ ಪ್ರಶ್ನೆಗೆ ಇನ್ನೂ ಉತ್ತರ ಬಂದಿಲ್ಲ.

ಕುಂಡದೊಳಗಿನ_ಕಾಡು · ಜೂನ್ 1

ಬರ್ತೀನಿ ಅಂದಿದ್ದೆ, ಬಂದೆ. ಸಾವನದುರ್ಗ ಹತ್ತಿದ್ದೀರಾ? ಬಂಡೆಯ ಸಂದಿನಲ್ಲಿ ಒಂದು ಹಿಡಿ ಮಣ್ಣಲ್ಲಿ ಬೇರೂರಿ, ಗಾಳಿಗೆ ಬಾಗಿ, ಮೊಳಕಾಲೆತ್ತರಕ್ಕೆ ನಿಂತ ಗಿಡ ಕಾಣುತ್ತೆ. ಅದನ್ನು ಯಾರೂ ಕಟ್ಟಿಹಾಕಿಲ್ಲ. ಬೋನ್ಸಾಯ್ ಗಿಡದ ಜಾತಿಯೇನೂ ಕುಬ್ಜ ಅಲ್ಲ, ನೆಲಕ್ಕೆ ನೆಟ್ಟರೆ ಇವತ್ತೂ ಮರವಾಗುತ್ತೆ. ಗೋಳಿ, ಆಲ ಎಲ್ಲ ಹಾಗೇ. ರಾಮೋಹಳ್ಳಿಯ ದೊಡ್ಡ ಆಲದ ಮರ ಸುಮಾರು 3 ಎಕರೆ ಹರಡಿದೆ, ನನ್ನ ತಾರಸಿಯ ಆಲ ಒಂದೂವರೆ ಅಡಿ ಇದೆ. ನೀರು, ಗೊಬ್ಬರ, ಬಿಸಿಲು ಸಿಗುವ ಗಿಡ ಹಿಂಸೆಯಲ್ಲಿಲ್ಲ. ಹಿಂಸೆ ಅನ್ನೋದಾದರೆ ಮಲ್ಲಿಗೆ ಸವರೋದು, ಹುಲ್ಲು ಕತ್ತರಿಸೋದು ಎಲ್ಲ ಸೇರುತ್ತೆ.

ಆದರೆ ಒಂದು ಮಾತು ನಿಮ್ಮದು ನನಗೆ ಒಪ್ಪಿಗೆ. ಗೋಂದಲ್ಲಿ ಕಲ್ಲು ಅಂಟಿಸಿ, ಟೀವಿ ಪಕ್ಕ ಇಡಿ ಅಂತ ಮಾರೋದಿದೆಯಲ್ಲ, ಅದು ಹಿಂಸೆಯೇ.

ಸಂಶಯ_ಪಿಶಾಚಿ · ಜೂನ್ 1

ಅರ್ಧ ಒಪ್ಪಿದೆ. ಉಳಿದರ್ಧಕ್ಕೆ ನಿಮ್ಮ ಆಲ ನೋಡಬೇಕು.

ಮೂರನೇ_ಮಹಡಿ · ಜೂನ್ 8

ಈವತ್ತು ಭಾನುವಾರ ಮಾಡಿದೆ! ಎರಡು ದಿನದಿಂದ ಮಳೆ ಮೋಡ, ಒಳ್ಳೇ ಹೊತ್ತು ಅನ್ನಿಸ್ತು. ಕುಂಡದಿಂದ ಎತ್ತಿದಾಗ ಒಳಗೆ ಕಂಡಿದ್ದು: ಹೊರಗೆ ತೆಂಗಿನ ನಾರಿನ ಪುಡಿ, ಅದರೊಳಗೆ ಕಾಂಡದ ಕೆಳಗೆ ಮುಷ್ಟಿ ಗಾತ್ರದ ಜೇಡಿಮಣ್ಣಿನ ಉಂಡೆ, ಕಲ್ಲಿನ ಹಾಗೆ. ಉಂಡೆಯ ಒಳಗೆ ಒಣ, ಸುತ್ತ ಕೊಚ್ಚೆ. ನೀರು ಒಳಗೆ ಹೋಗೇ ಇಲ್ಲ! ಹಾಗಾದ್ರೆ ಅತ್ತೆ, ಯಜಮಾನರು ಇಬ್ಬರೂ ಸರಿ ಅಂತಾಯ್ತು.

ಟೂತ್‌ಪಿಕ್ ಹಿಡಿದು ಒಂದು ಗಂಟೆ ಬಿಡಿಸಿದೆ. ಕಪ್ಪಗೆ ಮೆತ್ತಗಾಗಿ, ಎಳೆದರೆ ಸಿಪ್ಪೆ ಕಳಚಿ ಬರುತ್ತಿದ್ದ ಬೇರೆಲ್ಲ ಕತ್ತರಿಸಿದೆ. ಬಿಳಿ ಮತ್ತು ಕಂದು ಗಟ್ಟಿ ಬೇರು ಅರ್ಧದಷ್ಟು ಉಳೀತು. ತೂತಿಗೆ ಸೊಳ್ಳೆ ಪರದೆಯ ತುಂಡು ಹಾಕಿ, ತಂತಿಯಿಂದ ಗಿಡ ಅಲ್ಲಾಡದ ಹಾಗೆ ಕಟ್ಟಿ, ಇಟ್ಟಿಗೆ ಮಿಶ್ರಣ ತುಂಬಿದೆ. ಕತ್ತರಿಸಿದ ಕಡೆ ಹಾಲು ಸುರೀತಿತ್ತು, ಒದ್ದೆ ಬಟ್ಟೆ ಒತ್ತಿ ಹಿಡಿದರೆ ನಿಂತಿತು. ನೀರು ಹಾಕಿದರೆ ಮೂರು ಸೆಕೆಂಡಲ್ಲಿ ಕೆಳಗೆ! ಇಷ್ಟು ಬೇಗ ಹೋದ್ರೆ ಗಿಡ ಕುಡಿಯುತ್ತಾ ಅಂತ ನಮ್ಮತ್ತೆ ಕೇಳ್ತಿದ್ದಾರೆ.

ಕುಂಡದೊಳಗಿನ_ಕಾಡು · ಜೂನ್ 8

ಚೆನ್ನಾಗಿ ಮಾಡಿದ್ದೀರಿ. ಇಟ್ಟಿಗೆ ಚೂರು ತನ್ನೊಳಗೆ ನೀರು ಹಿಡ್ಕೊಳ್ಳುತ್ತೆ, ಚೂರುಗಳ ಮಧ್ಯೆ ಗಾಳಿ ಆಡುತ್ತೆ, ಗಿಡ ಎರಡನ್ನೂ ಬಳಸಿಕೊಳ್ಳುತ್ತೆ ಅಂತ ಹೇಳಿ. ಎರಡು ವಾರ ನೆರಳಲ್ಲಿಡಿ. ಮೇಲೆ ಒಂದು ಪಾರದರ್ಶಕ ಪ್ಲಾಸ್ಟಿಕ್ ಕವರ್ ಸಡಿಲವಾಗಿ ಹೊದಿಸಿ, ತೇವ ಉಳಿಯುತ್ತೆ. ಬೇರು ಕಮ್ಮಿಯಿರುವಾಗ ಎಲೆಯಿಂದ ನೀರು ಹಾರಿಹೋಗಬಾರದು. ಬಿಸಿಲಿಗೆ ಮಾತ್ರ ಕವರ್ ಸಮೇತ ಇಡಬೇಡಿ, ಇಡ್ಲಿ ಬೇಯಿಸಿದ ಹಾಗಾಗುತ್ತೆ. ಆಮೇಲೆ ಸುಮ್ಮನಿರಿ. ಇದೇ ಎಲ್ಲಕ್ಕಿಂತ ಕಷ್ಟ.

ಧಾರವಾಡ_ಪೇಡಾ · ಜೂನ್ 9

ನೀರು ಯಾವುದ್ರಿ ಅಕ್ಕಾರ, ಬೋರ್ ನೀರೇನು? ಕಾಂಡದ ಬುಡಕ್ಕ, ಕುಂಡದ ಅಂಚಿಗೆ ಬೆಳ್ಳಗ ಪುಡಿ ಕುಂತರ ಅದು ಬೋರ್‌ವೆಲ್ಲಿನ ಉಪ್ಪು. ತಿಂಗಳಿಗೊಮ್ಮೆ ಮಳಿ ನೀರಾಗ ಧಾರಾಳ ತೊಳದು ಬಿಡ್ರಿ. ಫಿಲ್ಟರ್ ಮಷೀನಿಂದ ಹೊರಗ ಬೀಳೋ ನೀರು ಮಾತ್ರ ಬ್ಯಾಡ, ಅದರಾಗ ಉಪ್ಪು ಇನ್ನೂ ಜಾಸ್ತಿ. ಉಳಿತಾಯ ಅಂತ ಭಾಳ ಮಂದಿ ಅದನ್ನ ಹಾಕ್ತಾರ.

ಮೂರನೇ_ಮಹಡಿ · ಜೂನ್ 27

ಸರ್, ತೊಂದರೆ. ಉಳಿದ ಏಳೆಲೆಯಲ್ಲಿ ಎರಡು ಹಳದಿ. ಕಡ್ಡಿ ಚುಚ್ಚಿ ನೋಡಿದ್ರೆ ದಿನಾ ಒದ್ದೆ. ನಾನು ನೀರು ಹಾಕಿ ಐದು ದಿನ ಆಯ್ತು, ದೇವರಾಣೆ! ಇಟ್ಟಿಗೆ ಮೇಲೆ ಬಿಳಿ ಪೊರೆ ಕಟ್ಟಿದೆ, ಸಣ್ಣ ಸಣ್ಣ ಕಪ್ಪು ನೊಣ ಹಾರ್ತಿವೆ, ಸ್ವಲ್ಪ ಹುಳಿ ವಾಸನೆ. ಮಳೆ ಇರಚಲು ಬಾಲ್ಕನಿ ಒಳಗೆ ಬರಲ್ಲ. ಮಿಶ್ರಣ ತಪ್ಪಾಯ್ತಾ?

ಕುಂಡದೊಳಗಿನ_ಕಾಡು · ಜೂನ್ 27

ಮೂರು ಸೆಕೆಂಡಲ್ಲಿ ಬಸಿಯುವ ಮಿಶ್ರಣ ಐದು ದಿನ ಒದ್ದೆ ಇರೋದು ಸಾಧ್ಯವೇ ಇಲ್ಲ. ತಳದ ತೂತು ಮುಚ್ಚಿದೆಯಾ ನೋಡಿ.

ಮೂರನೇ_ಮಹಡಿ · ಜೂನ್ 27

ಇಲ್ಲ ಸರ್, ತೂತು ತೆರೆದೇ ಇದೆ. ಕಡ್ಡಿ ಹಾಕಿ ನೋಡಿದೆ.

ಧಾರವಾಡ_ಪೇಡಾ · ಜೂನ್ 27

ತಪ್ಪ ತಿಳ್ಕೋಬ್ಯಾಡ್ರಿ, ಒಂದ ಮಾತು ಕೇಳ್ತೀನಿ. ನೀವಲ್ಲದ ಮನ್ಯಾಗ ಮತ್ಯಾರರ ನೀರು ಹಾಕಾಕತ್ತಾರೇನ್ರಿ? ಹುಳಿ ವಾಸನಿ ಅಂದ್ರಿ ನೋಡ್ರಿ, ಬರೀ ನೀರಿಗೆ ಹಂಗ ವಾಸನಿ ಬರೂದಿಲ್ಲ.

ಮೂರನೇ_ಮಹಡಿ · ಜೂನ್ 28

ಸಿಕ್ಕಿಬಿದ್ರು. ಬೆಳಗ್ಗೆ ಐದೂವರೆಗೆ ಅಲಾರಾಂ ಇಟ್ಟು ಎದ್ದೆ. ನಮ್ಮತ್ತೆ ಅಕ್ಕಚ್ಚಿನ ಪಾತ್ರೆ ಹಿಡಿದು ಬಾಲ್ಕನಿಗೆ ಹೋಗ್ತಿದ್ದಾರೆ!

ಕೇಳಿದ್ರೆ "ಊರಲ್ಲಿ ಕರಿಬೇವಿಗೆ, ದಾಸವಾಳಕ್ಕೆ ಎಲ್ಲ ಅಕ್ಕಿ ತೊಳೆದ ನೀರೇ ಹಾಕ್ತಿದ್ದದ್ದು, ಹೇಗೆ ಬೆಳೀತಿತ್ತು ಗೊತ್ತಾ. ಪಾಪ, ನೀನು ಐದು ದಿನದಿಂದ ನೀರೇ ಹಾಕಿಲ್ಲ, ನಾನು ನೋಡ್ತಾನೇ ಇದ್ದೀನಿ" ಅಂದ್ರು. ಬಂದ ದಿನದಿಂದ ಹಾಕ್ತಿದ್ದಾರಂತೆ. ಅಂದ್ರೆ ನನ್ನ ಅರ್ಧ ಲೋಟ, ಅವರ ಒಂದು ಪಾತ್ರೆ. ಏನು ಹೇಳ್ಲಿ ಅವರಿಗೆ? ಹಿರಿಯರು.

ಕಡಲ_ತಡಿ · ಜೂನ್ 28

ಧಾರವಾಡದವರಿಗೆ ಪೊಲೀಸ್ ಇಲಾಖೆಯಲ್ಲಿ ಕೆಲಸ ಕೊಡಬೇಕು 😂

ಕುಂಡದೊಳಗಿನ_ಕಾಡು · ಜೂನ್ 28

ಅವರು ಹೇಳಿದ್ದು ಸುಳ್ಳಲ್ಲ. ನೆಲದ ಕರಿಬೇವಿಗೆ ಅಕ್ಕಚ್ಚು ಒಳ್ಳೆಯದೇ, ಅಲ್ಲಿ ಮಣ್ಣು, ಎರೆಹುಳು, ಸೂಕ್ಷ್ಮಜೀವಿಗಳೆಲ್ಲ ಆ ಗಂಜಿಯನ್ನು ಜೀರ್ಣ ಮಾಡ್ಕೊಳ್ತವೆ. ಎರಡಿಂಚಿನ ತಟ್ಟೆಯಲ್ಲಿ ದಿನಾ ಹಾಕಿದರೆ ಗಂಜಿ ಇಟ್ಟಿಗೆಯ ಸಂದುಗಳಲ್ಲಿ ಕೂತು ಹುಳಿಯುತ್ತೆ, ನೀವು ಮಾಡಿಕೊಟ್ಟ ಗಾಳಿದಾರಿ ಮುಚ್ಚುತ್ತೆ. ಮೇಲಿನ ಅರ್ಧ ಇಂಚು ಚೂರು ತೆಗೆದು ಹೊಸದು ಹಾಕಿ. ಕುಂಡವನ್ನು ಬಕೆಟ್ ಮೇಲಿಟ್ಟು ನಾಲ್ಕೈದು ಚೊಂಬು ತಿಳಿನೀರು ಮೇಲಿಂದ ಹಾಯಿಸಿ, ತೊಳೆದು ಹೋಗಲಿ. ನೊಣ ತಾವಾಗೇ ಹೋಗ್ತವೆ, ಮೇಲ್ಪದರ ಒಣಗಬೇಕಷ್ಟೇ.

ಅತ್ತೆಯವರನ್ನು ತಡೆಯಬೇಡಿ. ಬೆಳಗ್ಗೆ ಐದೂವರೆಗೆ ಎದ್ದು ಗಿಡ ನೋಡುವವರು ನಿಮ್ಮ ಮನೇಲಿ ಇನ್ಯಾರಿದ್ದಾರೆ? ಊದುಬತ್ತಿ ಕಡ್ಡಿಯನ್ನು ಅವರ ಕೈಗೇ ಕೊಟ್ಟುಬಿಡಿ.

ತೀರ್ಥಹಳ್ಳಿ_ಮಾಣಿ · ಜುಲೈ 6

ನಂದೊಂದು. ಮೂರು ವರ್ಷದ ಫೈಕಸ್, ತುದಿ ಎಲೆಗಳು ಕಡಲೆ ಸಿಪ್ಪೆ ಹಾಗೆ ಮಡಚಿಕೊಂಡಿವೆ, ಬಿಡಿಸಿದ್ರೆ ಒಳಗೆ ಕಪ್ಪು ಸಣ್ಣ ಹುಳ. ಜೊತೆಗೆ ಎಲೆ ತೊಟ್ಟಿನ ಸಂದಿನಲ್ಲಿ ಬಿಳಿ ಹತ್ತಿ ಥರ. ಇರುವೆ ಸಾಲು ಬೇರೆ.

ಕಡಲ_ತಡಿ · ಜುಲೈ 6

ಮಡಚಿದ ಎಲೆ ಒಳಗಿರುವುದು ಥ್ರಿಪ್ಸ್. ಔಷಧ ಹೊಡೆದರೂ ಮಡಿಕೆ ಒಳಗೆ ತಾಗುವುದಿಲ್ಲ. ಆ ಎಲೆಗಳನ್ನೇ ಕಿತ್ತು ಕವರಿನಲ್ಲಿ ಕಟ್ಟಿ ಬಿಸಾಡಿ, ಕುಂಡದ ಹತ್ತಿರ ಬೀಳಿಸಬೇಡಿ. ಬಿಳಿ ಹತ್ತಿ ಅಂದ್ರೆ ಹಿಟ್ಟು ತಿಗಣೆ. ಬ್ರಶ್ಶಿನಿಂದ ಉಜ್ಜಿ ತೆಗೆದು, ಲೀಟರ್ ನೀರಿಗೆ 5 ಮಿ.ಲೀ. ಬೇವಿನೆಣ್ಣೆ, ಎರಡು ಹನಿ ಪಾತ್ರೆ ತೊಳೆಯುವ ಸೋಪು ಸೇರಿಸಿ ಸಂಜೆ ಹೊತ್ತು ಎಲೆಯ ಅಡಿಗೆಲ್ಲ ಸಿಂಪಡಿಸಿ. ವಾರಕ್ಕೊಮ್ಮೆ, ಮೂರು ಸಲ. ಬಿಸಿಲಲ್ಲಿ ಹೊಡೆದರೆ ಎಲೆ ಸುಡ್ತದೆ. ಇರುವೆ ಬಿಡಬೇಡಿ, ತಿಗಣೆಯನ್ನು ಹಸು ಸಾಕಿದ ಹಾಗೆ ಸಾಕುವುದೇ ಅವು, ಸಿಹಿ ಅಂಟಿಗೋಸ್ಕರ.

ತೀರ್ಥಹಳ್ಳಿ_ಮಾಣಿ · ಜುಲೈ 7

ಧನ್ಯವಾದ. ಅಂದಹಾಗೆ ತಂತಿ ಸುತ್ತಿ ಎಷ್ಟು ದಿನ ಬಿಡ್ಬೋದು? ಫೆಬ್ರವರಿಯಲ್ಲಿ ಸುತ್ತಿದ್ದು.

ಕುಂಡದೊಳಗಿನ_ಕಾಡು · ಜುಲೈ 7

ಫೆಬ್ರವರಿ! ಮಾರಾಯ, ಈಗಲೇ ಹೋಗಿ ನೋಡಿ. ಮಳೆಗಾಲದಲ್ಲಿ ಫೈಕಸ್ ಎಷ್ಟು ಬೇಗ ದಪ್ಪ ಆಗುತ್ತೆ ಅಂದ್ರೆ ನಾಲ್ಕು ವಾರದ ನಂತರ ವಾರವಾರ ನೋಡ್ತಿರಬೇಕು. ತೊಗಟೆಗೆ ಕಚ್ಚಿಕೊಳ್ಳೋಕೆ ಶುರುವಾದ ದಿನವೇ ತೆಗೀಬೇಕು. ಸುತ್ತು ಬಿಚ್ಚಬೇಡಿ, ರೆಂಬೆ ಮುರಿಯುತ್ತೆ. ಕಟರ್‌ನಿಂದ ಸುತ್ತಿಗೊಂದು ಕಡೆ ಕತ್ತರಿಸಿ ತುಂಡು ತುಂಡಾಗಿ ತೆಗೆಯಿರಿ. ಮುಂದಿನ ಸಲ ರೆಂಬೆಯ ದಪ್ಪದ ಮೂರನೇ ಒಂದರಷ್ಟು ದಪ್ಪದ ಅಲ್ಯೂಮಿನಿಯಂ ತಂತಿ ಸಾಕು, 45 ಡಿಗ್ರಿ ಓರೆಯಲ್ಲಿ.

ತೀರ್ಥಹಳ್ಳಿ_ಮಾಣಿ · ಜುಲೈ 7

ಕಚ್ಚಿದೆ. ಸ್ಕ್ರೂ ಥರ ಕಾಣ್ತಿದೆ ರೆಂಬೆ.

ಮೂರನೇ_ಮಹಡಿ · ಆಗಸ್ಟ್ 3

ತಡವಾಗಿ ಬರೀತಿದ್ದೀನಿ. ಜುಲೈ ಮಧ್ಯದಲ್ಲಿ ಗಿಡದಲ್ಲಿ ಉಳಿದದ್ದು ಮೂರೇ ಎಲೆ, ಬಿಟ್ಟುಬಿಡೋಣ ಅಂತ ಅಂದುಕೊಂಡಿದ್ದೆ. 19ನೇ ತಾರೀಕು ಹಳೇ ಕಾಂಡದ ಮೇಲೆ, ರೆಂಬೆನೇ ಇಲ್ಲದ ಕಡೆ, ಗುಂಡುಸೂಜಿ ತಲೆಯಷ್ಟು ಕೆಂಪು ಚುಕ್ಕೆ. ಈಗ ಎಣಿಸಿದ್ರೆ ಇಪ್ಪತ್ತೆರಡು ಚಿಗುರು! ಎಲೆ ಮೊದಲಿನದಕ್ಕಿಂತ ಸಣ್ಣ, ಹೊಳೀತಿವೆ. ಒಂದೆರಡು ಮಾತ್ರ ತೀರಾ ಕೆಳಗಿನಿಂದ ಬಂದಿವೆ, ಎಲೆ ದೊಡ್ಡದು, ಬೇರೆ ಗಿಡದ ಥರ ಇದೆ. ಈಗಲಾದ್ರೂ ಗೊಬ್ಬರ ಕೊಡಬಹುದಾ?

ಕುಂಡದೊಳಗಿನ_ಕಾಡು · ಆಗಸ್ಟ್ 3

ಓದಿ ಖುಷಿಯಾಯ್ತು. ಆ ದೊಡ್ಡೆಲೆ ಕಸಿ ಕಟ್ಟಿದ ಜಾಗಕ್ಕಿಂತ ಕೆಳಗಿಂದ ಬಂದದ್ದಿರಬೇಕು, ಬೇರುಗಿಡದ್ದು, ಅಂದ್ರೆ ಕಸಿಗೆ ಬುಡವಾಗಿ ಬಳಸಿದ ಗಿಡದ್ದು. ಬಿಟ್ಟರೆ ಮೇಲಿನದನ್ನು ಹಿಂದಿಕ್ಕುತ್ತೆ, ಬುಡಕ್ಕೇ ಚಿವುಟಿ. ಉಳಿದದ್ದನ್ನು ಈ ವರ್ಷ ಕತ್ತರಿ ತೋರಿಸದೆ ಬೆಳೆಯೋಕೆ ಬಿಡಿ, ಎಲೆ ಇದ್ದಷ್ಟೂ ಬೇರಿಗೆ ಬಲ. ಆಕಾರದ ಮಾತು ಮುಂದಿನ ಯುಗಾದಿ ಹೊತ್ತಿಗೆ.

ಗೊಬ್ಬರ ಕೊಡಿ, ಕಮ್ಮಿ. ಬೇವಿನ ಹಿಂಡಿ ಒಂದು ಟೀ ಚಮಚ, ಕುಂಡದ ಅಂಚಿಗೆ, ತಿಂಗಳಿಗೊಮ್ಮೆ. ಮಾಣಿಯವರ 19:19:19 ಕೊಡೋದಾದರೂ ಲೀಟರ್‌ಗೆ 1 ಗ್ರಾಂ ದಾಟಬೇಡಿ.

ಸ್ವಾತಂತ್ರ್ಯೋತ್ಸವದ ಫ್ಲವರ್ ಶೋಗೆ ಹೋದರೆ ಲಾಲ್‌ಬಾಗ್‌ನ ಬೋನ್ಸಾಯ್ ತೋಟಕ್ಕೂ ಹೋಗಿ. ಗಾಜಿನ ಮನೆಯ ಜನಸಾಗರ ನೋಡಿ ಸುಸ್ತಾದ ಮೇಲೆ ಅಲ್ಲಿ ನಿಲ್ಲೋದು ಹಿತ. ಮೈಸೂರಿಗೆ ಬಂದರೆ ನಂಜನಗೂಡು ರಸ್ತೆಯ ದತ್ತಪೀಠದಲ್ಲಿರುವ ಕಿಷ್ಕಿಂಧಾ ಮೂಲಿಕಾ ಬೋನ್ಸಾಯ್ ಉದ್ಯಾನ ನೋಡಿ. ಎಲ್ಲವೂ ಬಯಲಲ್ಲಿವೆ ಅನ್ನೋದನ್ನ ಗಮನಿಸಿ, ಯಾವುದರ ಪಕ್ಕದಲ್ಲೂ ಟೀವಿ ಇಲ್ಲ.

ಸಂಶಯ_ಪಿಶಾಚಿ · ಆಗಸ್ಟ್ 4

ನಮ್ಮ ಹಳೇ ಮನೆಯ ಮೋರಿ ಸಂದಿನಲ್ಲಿ ಒಂದು ಅರಳಿ ಗಿಡ ಹುಟ್ಟಿದೆ. ಗೋಡೆ ಬಿರುಕು ಬಿಡುತ್ತೆ ಅಂತ ಅಣ್ಣ ಕೀಳಿಸ್ತಾನಂತೆ. ಕಿತ್ತರೆ ಹೇಗೂ ಸಾಯುತ್ತೆ. ಸುಮ್ಮನೆ ಕೇಳ್ತಿದ್ದೀನಿ, ಅಷ್ಟೇ: ಇಟ್ಟಿಗೆ ಚೂರು ಎಷ್ಟು ಪಾಲು ಅಂದ್ರಿ?

ಕುಂಡದೊಳಗಿನ_ಕಾಡು · ಆಗಸ್ಟ್ 4

2 ಪಾಲು 🙂 ಮೋರಿ ಸಂದಿಯಿಂದ ಎಳೆಯಬೇಡಿ, ಉಳಿಯಿಂದ ಸುತ್ತ ಗಾರೆ ಬಿಡಿಸಿ ಬೇರು ಸಿಕ್ಕಷ್ಟು ಉಳಿಸಿಕೊಳ್ಳಿ. ಮೊದಲ ವರ್ಷ ತಟ್ಟೆಗೆ ಬೇಡ, ಆಳದ ಕುಂಡದಲ್ಲೇ ಇರಲಿ. ಅರಳಿ ಎಲೆ ಅಷ್ಟಾಗಿ ಸಣ್ಣ ಆಗಲ್ಲ ಅನ್ನೋದು ಮೊದಲೇ ಗೊತ್ತಿರಲಿ. ಸಣ್ಣೆಲೆ ಬೇಕಿದ್ರೆ ಹುಣಸೆಯಂಥದ್ದು ಇನ್ನೊಂದಿಲ್ಲ, ಬೀಜ ಅಡುಗೆಮನೇಲೇ ಇದೆ.

ಮೂರನೇ_ಮಹಡಿ · ಆಗಸ್ಟ್ 10

ಇವತ್ತಿನ ಸುದ್ದಿ. ಮೂರು ದಿನ ನಾನು ತವರಿಗೆ ಹೋಗಿದ್ದೆ. ಇವರು ಪಾಪ ಅಂತ ಜಗ್ಗು ತುಂಬ್ಕೊಂಡು ಬಾಲ್ಕನಿಗೆ ಹೋಗಿದ್ದಾರೆ. ಅತ್ತೆ ಒಳಗಿಂದಲೇ ಕೂಗಿದ್ರಂತೆ: "ಏಯ್, ಬೆಳಗ್ಗೆ ಕಡ್ಡಿ ಒದ್ದೆ ಬಂದಿದೆ. ಇವತ್ತು ಬೇಡ."